ಕಾಲಕ್ಕೆ ತಕ್ಕ ಗಾಲಿ

ಎರಡು ಟನ್ ತೂಗುವ ಮೋಟಾರು ವಾಹನವೊಂದು ನೆಲವನ್ನು ಮುಟ್ಟುವುದು ಎಷ್ಟು ಜಾಗದಲ್ಲಿ? ಈ ಪ್ರಶ್ನೆಯನ್ನು ಅನೇಕ ಗೆಳೆಯರಿಗೆ ಹಾಕಿ ನೋಡಿದ್ದೇನೆ. ಕೆಲವರು ಎರಡು ತೋಳನ್ನೂ ಅಗಲಿಸಿ ತೋರಿಸುತ್ತಾರೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ನಾಲ್ಕು ಚಕ್ರಗಳಿಗೆ ಸಮನಾಗಿ ಹಂಚಿದರೆ ಒಂದೊಂದರ ಮೇಲೆ ಬೀಳುವ ಭಾರ 500 ಕಿಲೋಗ್ರಾಂ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಅಂಗುಲಕ್ಕೆ 33 ಪೌಂಡ್ ಇದೆಯೆನ್ನೋಣ. ಅದು ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋಗ್ರಾಂ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಸಿಗುವುದು ಹೆಚ್ಚು ಕಡಿಮೆ 217 ಚದರ ಸೆಂಟಿಮೀಟರು. ನಮ್ಮ ಅಂಚೆಕಾರ್ಡಿನ ಅಳತೆ 14ಕ್ಕೆ 9 ಸೆಂಟಿಮೀಟರು. ಅಂಥ ಎರಡು ಕಾರ್ಡುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಆಗುವ ಜಾಗಕ್ಕಿಂತಲೂ ಇದು ಕಡಿಮೆ. ವಾಹನ ಓಡುವುದು, ತಿರುಗುವುದು, ನಿಲ್ಲುವುದು, ಒಳಗೆ ಕುಳಿತವರು ಕ್ಷೇಮವಾಗಿ ಮನೆ ಸೇರುವುದು ಎಲ್ಲವೂ ಎಂಟು ಅಂಚೆಕಾರ್ಡುಗಳಷ್ಟೂ ಇಲ್ಲದ ಈ ಜಾಗವನ್ನು ನಂಬಿಕೊಂಡಿವೆ.

ಹಳಗನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಟೈರಿನ ಉಸಾಬರಿ ಏಕೆ ಎಂದು ಕೇಳುಗರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಮೇಷ್ಟರ ಕೆಲಸದಿಂದ ನಿವೃತ್ತಿ ಉಂಟು, ವಿದ್ಯಾರ್ಥಿಗಳ ಪ್ರಶ್ನೆಗಳಿಂದ ಇಲ್ಲ. ತಿಪಟೂರಿಗೂ ತುರುವೇಕೆರೆಗೂ ನಡುವೆ ತೋಟವಿರುವ, ಕೊಬ್ಬರಿ ವ್ಯಾಪಾರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಹಾಬಲಶಾಲಿಯಾದ ಎಸ್‌ಯುವಿ ಒಂದನ್ನು ಕೊಂಡ. ಅದಕ್ಕೆ 21 ಅಂಗುಲದ, ಕನ್ನಡಿಯಂತೆ ಹೊಳೆಯುವ ಅಲಾಯ್ ಚಕ್ರಗಳು. ಸಂತೆಯಲ್ಲಿ ನಿಲ್ಲಿಸಿದರೆ ಜನ ಸುತ್ತ ನಿಂತು ನೋಡುತ್ತಿದ್ದರು. ಆದರೆ ವಾಹನ ನೋಟಕ್ಕಾಗಿ ಮಾತ್ರ ಬಂದುದಲ್ಲ. ಅವನ ತಾಯಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಬೆಳಗಿನ ಜಾವದಲ್ಲೇ ಹೊರಟು ತುಮಕೂರಿಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಒಂದು ಮಳೆಯ ಮುಂಜಾನೆ, ನೀರು ತುಂಬಿ ಕಾಣದಿದ್ದ ಗುಂಡಿಯೊಂದಕ್ಕೆ ಮುಂದಿನ ಚಕ್ರ ಬಿತ್ತು. ಟೈರು ಒಡೆಯಿತು, ಚಕ್ರದ ಅಂಚೂ ಸೀಳಿತು. ಆಸ್ಪತ್ರೆಯ ಹೊತ್ತು ಮೀರುತ್ತಿತ್ತು, ಹಿಂದಿನ ಸೀಟಿನಲ್ಲಿ ತಾಯಿ. ಹೇಗೋ ಬೇರೆ ವಾಹನ ಸಿಕ್ಕಿ ಅಂದಿನ ಕೆಲಸವಾಯಿತು. ಅದಾದ ವಾರ ಅವನು ಮನೆಗೆ ಬಂದು ಕೇಳಿದ: “ಮೇಷ್ಟ್ರೇ, ನಿಮ್ಮ ಮಗಳು ಇರುವ ಜರ್ಮನಿಯಲ್ಲಿ ಚಳಿಗಾಲಕ್ಕೆಂದೇ ಬೇರೆ ಟೈರು, ಬೇರೆ ಚಕ್ರ ಹಾಕುತ್ತಾರಂತೆ. ಅವು ಬಹಳ ಗಟ್ಟಿಯಂತೆ. ನಾನೂ ಅವನ್ನೇ ತರಿಸಲೆ?”

ಪ್ರಶ್ನೆ ಒಳ್ಳೆಯದು, ಅದರಲ್ಲಿ ಒಂದು ತಪ್ಪು ಎಣಿಕೆಯೂ ಒಂದು ಸರಿಯಾದ ಎಣಿಕೆಯೂ ಕೂಡಿಕೊಂಡಿವೆ. ಅವೆರಡನ್ನು ಬಿಡಿಸಿ ನೋಡುವುದೇ ಇಂದಿನ ಮಾತಿನ ಉದ್ದೇಶ.

ಮೊದಲು ಶಬ್ದದಿಂದಲೇ ಹೊರಡುತ್ತೇನೆ, ಅದು ನನ್ನ ಅಭ್ಯಾಸ. ‘ಟೈರ್’ ಎಂಬ ಇಂಗ್ಲಿಷ್ ಶಬ್ದ ರಬ್ಬರಿಗಿಂತ ಹಳೆಯದು. ಮರದ ಚಕ್ರದ ಸುತ್ತ ಬಿಗಿಯುತ್ತಿದ್ದ ಕಬ್ಬಿಣದ ಪಟ್ಟಿಗೆ ಆ ಹೆಸರಿತ್ತು. ಉಡುಪು ಎಂಬ ಅರ್ಥದ ಶಬ್ದವೊಂದು ಸವೆದು ಹೀಗಾಗಿರಬೇಕೆಂದು ನಿಘಂಟುಕಾರರು ಹೇಳುತ್ತಾರೆ. ಚಕ್ರಕ್ಕೆ ತೊಡಿಸಿದ ಉಡುಪೇ ಟೈರು. ನಮ್ಮ ಕಡೆ ಅದನ್ನು ಹಳಿ ಎನ್ನುತ್ತಿದ್ದರು. ಹಳಿ ಕಟ್ಟುವುದನ್ನು ನನ್ನ ವಯಸ್ಸಿನವರು ಕಂಡಿರುತ್ತಾರೆ. ಬೆರಣಿಯನ್ನು ವೃತ್ತಾಕಾರವಾಗಿ ಜೋಡಿಸಿ ಬೆಂಕಿಯಿಟ್ಟು, ಹಳಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದ ಅದನ್ನು ಇಕ್ಕಳಗಳಲ್ಲಿ ಎತ್ತಿ ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ಯುತ್ತಿದ್ದರು. ಕಬ್ಬಿಣ ಕುಗ್ಗಿ ಅರೆಗಳನ್ನೂ ಗುಂಬವನ್ನೂ ಒಂದೇ ಜೀವವೆಂಬಂತೆ ಬಿಗಿಯುತ್ತಿತ್ತು. ಗಾಳಿ ತುಂಬಿದ ಟೈರನ್ನು 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಕಟ್ಟಿದ್ದು ಆಮೇಲಿನ ಕಥೆ. ಟೈರು ಉಡುಪು ಎಂಬುದನ್ನು ನೆನಪಿನಲ್ಲಿಟ್ಟರೆ ಮುಂದಿನದು ಸುಲಭ. ಉಡುಪನ್ನು ನಾವು ಕಾಲ ನೋಡಿ ತೊಡುತ್ತೇವೆ. ಚಳಿಗೆ ಕಂಬಳಿ ಹೊದೆಯುವವರೇ ವೈಶಾಖದ ಮಧ್ಯಾಹ್ನ ಅದನ್ನು ಹೊದೆಯುವುದಿಲ್ಲ.

ಚಳಿಗಾಲದ ಟೈರು ಎಂದರೇನು? ಇದಕ್ಕೆ ನಮ್ಮ ತೆಂಗಿನ ಸೀಮೆಯಲ್ಲೇ ಒಳ್ಳೆಯ ದೃಷ್ಟಾಂತವಿದೆ. ಪುಷ್ಯಮಾಸದ ಬೆಳಿಗ್ಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿರುತ್ತದೆ. ಉಷ್ಣತೆ ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದರ ಸ್ವಭಾವವೇ ಹಾಗೆ. ಅದೇ ಗೂಡಿನಲ್ಲಿರುವ ಎಳ್ಳೆಣ್ಣೆ ಹರಿಯುತ್ತಲೇ ಇರುತ್ತದೆ. ರಬ್ಬರು ಎಣ್ಣೆಯಂತೆ ಹೆಪ್ಪುಗಟ್ಟುವುದಿಲ್ಲ ನಿಜ. ಆದರೆ ಚಳಿ ಹೆಚ್ಚಿದಂತೆ ಮೆಲ್ಲಮೆಲ್ಲನೆ ಬಿಗಿಯುತ್ತದೆ, ಮತ್ತು ಎಲ್ಲ ರಬ್ಬರ್ ಮಿಶ್ರಣಗಳೂ ಒಂದೇ ಹಂತದಲ್ಲಿ ಬಿಗಿಯುವುದಿಲ್ಲ. ಬಿಸಿ ರಸ್ತೆಯಲ್ಲಿ ವೇಗವಾಗಿ ಓಡಲೆಂದು ಮಾಡಿದ ಟೈರಿನ ಹಿಡಿತ ಸುಮಾರು 7 ಡಿಗ್ರಿಯ ಕೆಳಗೆ ಕುಂದತೊಡಗುತ್ತದೆ. ರಸ್ತೆಯ ಸಣ್ಣ ಸಣ್ಣ ಒರಟುಗಳೊಳಗೆ ಇಳಿದು ಹಿಡಿಯಬೇಕಾದ ರಬ್ಬರು ಮರದ ತುಂಡಿನಂತೆ ಜಾರುತ್ತದೆ. ಚಳಿಗಾಲದ ಟೈರಿನ ಮಿಶ್ರಣ ಅಂಥ ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಮೈಮೇಲೆ ಬ್ಲೇಡಿನಿಂದ ಗೀರಿದಂಥ ನೂರಾರು ನವಿರಾದ ಸೀಳುಗಳಿರುತ್ತವೆ. ಹಿಮವನ್ನು ಅವು ಅಂಚಂಚಿನಿಂದಲೂ ಕಚ್ಚಿ ಹಿಡಿಯುತ್ತವೆ. ಆದ್ದರಿಂದ ಅದು ‘ಗಟ್ಟಿ’ ಟೈರಲ್ಲ, ಮೆದು ಟೈರು. ನನ್ನ ಶಿಷ್ಯನ ತಪ್ಪು ಎಣಿಕೆ ಇದೇ.

ಈ ಬಗೆಯ ಟೈರನ್ನು ಮೊದಲು ಮಾಡಿದ್ದು ಫಿನ್‌ಲೆಂಡಿನ ನೋಕಿಯಾ ಪಟ್ಟಣದ ರಬ್ಬರ್ ಕಾರ್ಖಾನೆ, 1934ರಲ್ಲಿ, ಲಾರಿಗಳಿಗಾಗಿ. ಎರಡು ವರ್ಷದ ಮೇಲೆ ಕಾರುಗಳಿಗೂ ಬಂತು. ಜರ್ಮನಿಯಲ್ಲಿ ರಸ್ತೆಯ ಮೇಲೆ ಹಿಮ ಅಥವಾ ಮಂಜುಗಡ್ಡೆ ಇರುವಾಗ ಚಳಿಗಾಲಕ್ಕೆ ತಕ್ಕ ಟೈರಿಲ್ಲದೆ ಓಡಿಸಕೂಡದೆಂದು 2010ರ ಡಿಸೆಂಬರಿನಲ್ಲಿ ಸ್ಪಷ್ಟ ನಿಯಮವಾಯಿತು. 2024ರ ಅಕ್ಟೋಬರ್ 1ರಿಂದ ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವಿರುವ ಟೈರಿಗೆ ಮಾತ್ರ ಅಲ್ಲಿ ಆ ಮನ್ನಣೆ. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಎಂಬುದು ಅಲ್ಲಿನವರ ವಾಡಿಕೆಯ ಲೆಕ್ಕ. ಸ್ಟುಟ್‌ಗಾರ್ಟಿನ ಬಳಿ ಇರುವ ನನ್ನ ಮಗಳು ಅದನ್ನು ತನ್ನ ಪಂಚಾಂಗಕ್ಕೆ ಹೊಂದಿಸಿಕೊಂಡಿದ್ದಾಳೆ. ದೀಪಾವಳಿಯ ಹೊತ್ತಿಗೆ ತೊಡಿಸುವುದು, ಯುಗಾದಿ ಕಳೆದ ಮೇಲೆ ಬಿಚ್ಚುವುದು. ಬಿಚ್ಚಿದ ನಾಲ್ಕು ಚಕ್ರಗಳು ನೆಲಮಾಳಿಗೆಯಲ್ಲಿ ಒಂದರ ಮೇಲೊಂದು ಕುಳಿತು ಮುಂದಿನ ಕಾರ್ತಿಕಕ್ಕೆ ಕಾಯುತ್ತವೆ.

ಅವಳು ಹೇಳಿದ ಇನ್ನೊಂದು ಸಂಗತಿ ನನ್ನ ಗಮನ ಸೆಳೆಯಿತು. ಬೇಸಿಗೆಯಲ್ಲಿ ದೊಡ್ಡ ಹೊಳೆಯುವ ಚಕ್ರ ಹಾಕಿಕೊಂಡು ತಿರುಗುವ ಅಲ್ಲಿನ ಜನ ಚಳಿಗಾಲಕ್ಕೆ ಅದಕ್ಕಿಂತ ಚಿಕ್ಕ ಚಕ್ರವನ್ನು ಆರಿಸುತ್ತಾರೆ. ಇದು ಬರೀ ಹಣ ಉಳಿಸುವ ಉಪಾಯವಲ್ಲ. ಇಲ್ಲಿ ‘ಚಿಕ್ಕದು’ ಎಂಬ ಮಾತನ್ನು ಎಚ್ಚರದಿಂದ ಅರ್ಥ ಮಾಡಿಕೊಳ್ಳಬೇಕು. ಎತ್ತಿನ ಗಾಡಿಯ ಚಕ್ರ ದೊಡ್ಡದಾದಷ್ಟೂ ಗುಂಡಿ ದಾಟುವುದು ಸುಲಭ; ನಮ್ಮ ಬಡಗಿಗಳು ಎದೆಯುದ್ದದ ಗಾಲಿ ಮಾಡುತ್ತಿದ್ದುದು ಸುಮ್ಮನಲ್ಲ. ಮೋಟಾರಿನಲ್ಲಿ ಹಾಗಲ್ಲ. ಹೊರಗಿನ ಸುತ್ತಳತೆ ನಿಗದಿಯಾದದ್ದು, ಅದು ಬದಲಾದರೆ ವೇಗ ತೋರುವ ಮುಳ್ಳೇ ಸುಳ್ಳು ಹೇಳುತ್ತದೆ. ಆದ್ದರಿಂದ ಒಳಗಿನ ಲೋಹದ ಬಳೆ ದೊಡ್ಡದಾದರೆ ಒಟ್ಟು ಚಕ್ರ ದೊಡ್ಡದಾಗುವುದಿಲ್ಲ. ರಬ್ಬರಿನ ಪಾಲು ಕಡಿಮೆಯಾಗುತ್ತದೆ, ಅಷ್ಟೆ.

ಅಂಕಿಗಳಲ್ಲೇ ನೋಡೋಣ. ಟೈರಿನ ಪಕ್ಕೆಯ ಮೇಲೆ 235/65 ಆರ್ 17 ಎಂದು ಬರೆದಿದ್ದರೆ ಅಗಲ 235 ಮಿಲಿಮೀಟರು, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 65 ಭಾಗ, ಆರ್ ಎಂದರೆ ರೇಡಿಯಲ್ ಕಟ್ಟು, ಒಳಗಿನ ಬಳೆಯ ವ್ಯಾಸ 17 ಅಂಗುಲ. ಇದರ ಪಕ್ಕೆಯ ಎತ್ತರ 15 ಸೆಂಟಿಮೀಟರಿಗಿಂತ ತುಸು ಹೆಚ್ಚು. 255/40 ಆರ್ 21 ಎಂಬ ಇನ್ನೊಂದು ಟೈರನ್ನು ತೆಗೆದುಕೊಳ್ಳಿ. ಒಟ್ಟು ವ್ಯಾಸ ಎರಡಕ್ಕೂ ಒಂದೇ, ಸುಮಾರು 737 ಮಿಲಿಮೀಟರು. ಆದರೆ ಎರಡನೆಯದರ ಪಕ್ಕೆ ಬರೀ 10 ಸೆಂಟಿಮೀಟರು. ನಡುವಿನದು 235/55 ಆರ್ 19. ಅದರ ಪಕ್ಕೆ ಸುಮಾರು 13 ಸೆಂಟಿಮೀಟರು.

ಪಕ್ಕೆಯ ಎತ್ತರ ಏಕೆ ಮುಖ್ಯವೆಂಬುದನ್ನು ತೆಂಗಿನ ತೋಟದವರಿಗೆ ವಿವರಿಸಬೇಕಾಗಿಲ್ಲ. ಅರವತ್ತು ಅಡಿ ಎತ್ತರದಿಂದ ಕಾಯಿ ನೆಲಕ್ಕೆ ಬಿದ್ದರೂ ಸಾಮಾನ್ಯವಾಗಿ ಒಡೆಯುವುದಿಲ್ಲ. ಸುತ್ತಲಿನ ನಾರಿನ ಮಟ್ಟೆ ಪೆಟ್ಟನ್ನು ನುಂಗುತ್ತದೆ. ಮಟ್ಟೆ ಸುಲಿದ ಕಾಯಿ ಕೈಜಾರಿದರೆ ಸಾಕು, ಹೋಳು. ಟೈರಿನ ಪಕ್ಕೆ ಮಟ್ಟೆ, ಲೋಹದ ಬಳೆ ಚಿಪ್ಪು. ಹಿಮದ ಅಡಿಯಲ್ಲಿ ಮರೆಯಾದ ಗುಂಡಿ ಜರ್ಮನಿಯವರಿಗೆ ಮಟ್ಟೆಯ ಬೆಲೆ ಕಲಿಸಿದೆ. ನೀರಿನ ಅಡಿಯಲ್ಲಿ ಮರೆಯಾದ ಗುಂಡಿ ಅದನ್ನೇ ನನ್ನ ಶಿಷ್ಯನಿಗೆ ಕಲಿಸಿತು. ಅವನ ಸರಿಯಾದ ಎಣಿಕೆ ಇಲ್ಲಿದೆ. ಜರ್ಮನಿಯಿಂದ ಅವನು ಕಲಿಯಬೇಕಾದ್ದು ಟೈರಿನ ರಬ್ಬರನ್ನಲ್ಲ, ಚಕ್ರದ ಅಳತೆಯನ್ನು.

ಅಗಲದ ವಿಷಯವೂ ಹೀಗೆಯೇ. ಟೈರು ಅಗಲವಾದರೆ ನೆಲಕ್ಕೆ ತಾಗುವ ಜಾಗ ಬಹಳ ಹೆಚ್ಚುತ್ತದೆಂದು ಅನೇಕರು ತಿಳಿದಿದ್ದಾರೆ. ಆ ಜಾಗವನ್ನು ಮುಖ್ಯವಾಗಿ ನಿರ್ಧರಿಸುವುದು ಭಾರ ಮತ್ತು ಗಾಳಿಯ ಒತ್ತಡ. ಅಗಲ ಬದಲಾದಾಗ ಬದಲಾಗುವುದು ಆಕಾರ: ಅಗಲ ಟೈರಿನ ಗುರುತು ಅಡ್ಡಕ್ಕೆ ಉದ್ದ, ಕಿರಿದಾದದ್ದು ಓಟದ ದಿಕ್ಕಿಗೆ ಉದ್ದ. ಒಣ ರಸ್ತೆಯ ತಿರುವಿನಲ್ಲಿ ಮೊದಲನೆಯದಕ್ಕೆ ಮೇಲುಗೈ. ಹಿಮವನ್ನಾಗಲಿ ನೀರನ್ನಾಗಲಿ ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟಬೇಕಾದಾಗ ಎರಡನೆಯದು ವಾಸಿ.

ಹಾಗಾದರೆ ನಮ್ಮ ಸೀಮೆಯ ‘ಕಾಲ’ ಯಾವುದು? ಚಳಿಗಾಲವಂತೂ ಅಲ್ಲ. ನಮ್ಮ ಪುಷ್ಯದ ಮುಂಜಾವು ಕೊಬ್ಬರಿ ಎಣ್ಣೆಯನ್ನು ಹೆಪ್ಪುಗಟ್ಟಿಸಬಲ್ಲುದೇ ಹೊರತು ರಬ್ಬರನ್ನಲ್ಲ; 7 ಡಿಗ್ರಿಯವರೆಗೆ ಅದು ಇಳಿಯುವುದಿಲ್ಲ. ಚೈತ್ರ ವೈಶಾಖಗಳಲ್ಲಿ ಬಿಸಿಲು 35 ಡಿಗ್ರಿ ದಾಟಿದಾಗ ಡಾಂಬರು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅದರ ಮೇಲೆ ಚಳಿಗಾಲದ ಮೆದು ಟೈರು ಓಡಿದರೆ ಬೇಗ ಸವೆಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಬ್ರೇಕು ಒತ್ತಿದ ಮೇಲೆ ವಾಹನ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಭಾರತದಲ್ಲಿ ಅಂಥ ಟೈರಿಗೆ ಸಲ್ಲುವ ಜಾಗ ಹಿಮಾಲಯದ ಸೀಮೆ. ಗುಲ್ಮಾರ್ಗದ ದಾರಿಯಲ್ಲಿ ಹಿಮ ಬಿದ್ದಾಗ ಚಕ್ರಗಳಿಗೆ ಸರಪಳಿ ಕಟ್ಟಿ ಓಡಿಸುವುದನ್ನು ಹೋಗಿ ಬಂದವರು ಕಂಡಿದ್ದಾರೆ.

ನಮ್ಮ ಕಾಲ ಮಳೆ. ತುಮಕೂರು ಜಿಲ್ಲೆಯ ಮಳೆಗೆ ಸೆಪ್ಟೆಂಬರು, ಅಕ್ಟೋಬರುಗಳೇ ಮುಖ್ಯ. ಮೇ ತಿಂಗಳ ಗುಡುಗಿನ ಮಳೆ ಅದಕ್ಕೆ ಪೀಠಿಕೆ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಧೂಳು ಮತ್ತು ಎಣ್ಣೆಯ ಜಿಡ್ಡು ಮೊದಲ ಹನಿಗಳೊಡನೆ ಕೂಡಿ ಲೋಳೆಯಾಗುತ್ತದೆ. ಜೋರು ಮಳೆಯಲ್ಲಿ ಅಪಾಯ ಬೇರೆ ಬಗೆಯದು. ಟೈರಿನ ಗಾಡಿಗಳು ನೀರನ್ನು ಹೊರಕ್ಕೆ ತಳ್ಳುವ ಕಾಲುವೆಗಳು. ನಾನು ಗಾಡಿಗಳೆಂದದ್ದು ಎತ್ತಿನ ಗಾಡಿಯನ್ನಲ್ಲ, ಟೈರಿನ ಮೈಮೇಲಿನ ಗಾಡಿಗೆರೆಗಳನ್ನು. ವೇಗ ಹೆಚ್ಚಿ ಕಾಲುವೆಗಳು ಸಾಲದೆ ಹೋದರೆ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗೂ ಬ್ರೇಕೂ ಕೈಯಲ್ಲಿದ್ದೂ ಇಲ್ಲದಂತೆ. ಅಮೆರಿಕದ ನಾಸಾ ಸಂಸ್ಥೆ 1963ರಲ್ಲಿ ವಿಮಾನದ ಟೈರುಗಳನ್ನಿಟ್ಟುಕೊಂಡು ಮಾಡಿದ ಅಧ್ಯಯನದಿಂದ ಒಂದು ಸೂತ್ರ ದೊರೆಯಿತು: ತೇಲತೊಡಗುವ ವೇಗ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಒತ್ತಡ 33 ಪೌಂಡ್ ಇದ್ದರೆ ಗಂಟೆಗೆ ಸುಮಾರು 95 ಕಿಲೋಮೀಟರು; 24ಕ್ಕೆ ಇಳಿದರೆ ಸುಮಾರು 80. ಸವೆದ ಟೈರಿಗೆ ತೆಳು ನೀರೂ ಸಾಕು. ವಾಹನದ ಅಶ್ವಶಕ್ತಿಗೆ ಈ ಸೂತ್ರದಲ್ಲಿ ಜಾಗವೇ ಇಲ್ಲ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ಏರ್ಪಾಡು ಕೆಸರಿನಿಂದ ಹೊರಡಲು ನೆರವಾಗುತ್ತದೆ, ನಿಲ್ಲುವಾಗ ಅದರಿಂದ ನೆರವಿಲ್ಲ. ಬಲಶಾಲಿ ವಾಹನ ಕೊಂಡವರು ಮರೆಯುವುದು ಇದನ್ನೇ.

ಈಗ ಆಯ್ಕೆಗೆ ಬರೋಣ. ಮೊದಲನೆಯದಾಗಿ, ವಾಹನದ ಕೈಪಿಡಿಯಲ್ಲಿ ಒಪ್ಪಿರುವ ಅಳತೆಗಳಲ್ಲಿ ಆದಷ್ಟು ಚಿಕ್ಕ ಬಳೆಯನ್ನು, ಎಂದರೆ ಎತ್ತರದ ಪಕ್ಕೆಯನ್ನು ಆರಿಸಬೇಕು. ಒಪ್ಪದ ಅಳತೆಗೆ ಇಳಿಯುವಂತಿಲ್ಲ. ಬಲಶಾಲಿ ವಾಹನಗಳ ಬ್ರೇಕಿನ ತಟ್ಟೆಗಳು ದೊಡ್ಡವು, ತೀರ ಚಿಕ್ಕ ಬಳೆ ಅವುಗಳ ಮೇಲೆ ಕೂರುವುದೇ ಇಲ್ಲ. ನನ್ನ ಶಿಷ್ಯನ ವಾಹನಕ್ಕೆ 19 ಅಂಗುಲವೇ ಕೆಳಗಿನ ಮಿತಿ. ಎರಡನೆಯದು, ಬಳೆಯ ಲೋಹ. ಉಕ್ಕಿನದು ಪೆಟ್ಟು ತಿಂದರೆ ಬಗ್ಗುತ್ತದೆ, ಅಲಾಯ್ ಸೀಳುವ ಸಂಭವ ಹೆಚ್ಚು. ಇಂಥ ವಾಹನಗಳಿಗೆ ಉಕ್ಕಿನ ಚಕ್ರ ದೊರೆಯುವುದು ವಿರಳವಾದ್ದರಿಂದ, ಅಲಾಯ್ ಆದರೂ ಹೊರಡುವ ಭಾರಕ್ಕೆ ಪ್ರಮಾಣಿತವಾದ, ತಯಾರಕರು ಒಪ್ಪಿದ ಚಕ್ರವನ್ನೇ ಕೊಳ್ಳಬೇಕು.

ಮೂರನೆಯದು, ಅಳತೆಯ ಮುಂದೆ ಬರೆದಿರುವ ಅಂಕಿ ಮತ್ತು ಅಕ್ಷರ. 105 ವಿ ಎಂದಿದ್ದರೆ ಆ ಟೈರು 925 ಕಿಲೋಗ್ರಾಂ ಹೊರಬಲ್ಲುದು, ಗಂಟೆಗೆ 240 ಕಿಲೋಮೀಟರು ತಾಳಬಲ್ಲುದು. ಕೈಪಿಡಿ ಹೇಳಿದ್ದಕ್ಕಿಂತ ಕೆಳಗಿಳಿಯಬಾರದು, ಅದರಲ್ಲೂ ಭಾರದ ಅಂಕಿಯಲ್ಲಿ; ಮೂಟೆ ಹೇರುವ ಅಭ್ಯಾಸ ನಮ್ಮದು. ನಾಲ್ಕನೆಯದು, ಮೈಯ ಬಗೆ. ಕೆಸರು ಬಗೆಯಲೆಂದು ಮಾಡಿದ ದೊಡ್ಡ ದೊಡ್ಡ ಗುಬುಟುಗಳ ಟೈರು ತೋಟದ ಕಾಲುದಾರಿಯಲ್ಲಿ ಶೂರ, ಒದ್ದೆ ಡಾಂಬರಿನ ಮೇಲೆ ಅಷ್ಟಿಲ್ಲ. ದಿನದ ಓಟವೆಲ್ಲ ಹೆದ್ದಾರಿಯಲ್ಲಿದ್ದು ತೋಟದ ದಾರಿ ಒಂದೆರಡು ಕಿಲೋಮೀಟರು ಮಾತ್ರವಿರುವವರಿಗೆ, ಒದ್ದೆಯಲ್ಲಿ ಹಿಡಿತ ಚೆನ್ನಾಗಿರುವ ಹೆದ್ದಾರಿ ಟೈರೇ ಲೇಸು. ಬಿದ್ದ ಕರಟದ ಚೂರು, ಜಾಲಿಯ ಮುಳ್ಳು, ಬೇಲಿಯ ತಂತಿ ನಮ್ಮ ದಾರಿಗಳ ಸಹಜ ಸಂಪತ್ತು. ಆದ್ದರಿಂದ ಪೂರ್ಣ ಪ್ರಮಾಣದ ಐದನೆಯ ಚಕ್ರವನ್ನು ಇಟ್ಟುಕೊಳ್ಳಲು ಜಾಗವಿದ್ದರೆ ಬಿಡಬಾರದು. ಚಿಕ್ಕನಾಯಕನಹಳ್ಳಿಯ ಕಡೆಯವರು ಇದನ್ನು ಚೆನ್ನಾಗಿ ಬಲ್ಲರು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ತಡೆಯುವವರೆಗೆ ಅದಿರು ಹೊತ್ತ ಲಾರಿಗಳ ಹಿಂದೆ ಮುಂದೆ ಓಡಾಡಿದವರು ಅವರು.

ಕೊನೆಯದು, ವಯಸ್ಸು. ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ಹುಟ್ಟಿದ ಟೈರು. ಓಡದೆ ನಿಂತರೂ ರಬ್ಬರು ಮುದಿಯಾಗುತ್ತದೆ. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು. ಹತ್ತು ವರ್ಷವಾದದ್ದನ್ನು ಗೀರುಗಳು ಎಷ್ಟೇ ಆಳವಾಗಿದ್ದರೂ ತೆಗೆದುಬಿಡಬೇಕು. ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ನಮ್ಮ ಕಾನೂನಿನ ಪ್ರಕಾರವೂ ಟೈರಿನ ಆಯುಷ್ಯ ಮುಗಿಯಿತು. ಮಳೆಗಾಲದ ಮಟ್ಟಿಗೆ ಅದಕ್ಕಿಂತ ಮೊದಲೇ ಮುಗಿಯಿತೆನ್ನಬೇಕು. ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಉಚಿತ. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ವಾಹನದಲ್ಲಿ ಒಂದರ ಸುತ್ತಳತೆ ಇನ್ನೊಂದಕ್ಕಿಂತ ಭಿನ್ನವಾದರೆ ಒಳಗಿನ ಹಲ್ಲುಚಕ್ರಗಳು ಸುಮ್ಮನೆ ದಣಿಯುತ್ತವೆ.

‘ಉಚಿತ’ ಎಂಬ ಮಾತು ಬಂತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ ತೀ.ನಂ.ಶ್ರೀಯವರ ಊರು; ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ನಮಗೆ ಕೊಟ್ಟವರು ಅವರು. ಆ ಮೀಮಾಂಸೆಯ ದೊಡ್ಡ ಮಾತುಗಳಲ್ಲಿ ಒಂದು ಔಚಿತ್ಯ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ಅದನ್ನು ಕಾವ್ಯದ ಜೀವವೆಂದೇ ಎಣಿಸಿದ. ಒಡವೆ ಎಷ್ಟೇ ಬೆಲೆಯುಳ್ಳದ್ದಾದರೂ ತೊಡಬಾರದ ಜಾಗದಲ್ಲಿ ತೊಟ್ಟರೆ ನಗೆಪಾಟಲು ಎಂಬುದು ಅವನ ವಾದದ ತಿರುಳು. ಕ್ಷೇಮೇಂದ್ರ ಕಾಶ್ಮೀರದವನು, ಹಿಮದ ನಾಡಿನವನು. ಅವನ ನಾಡಿನಲ್ಲಿ ಉಚಿತವಾದ ಟೈರು ನಮ್ಮ ಕಲ್ಪತರು ನಾಡಿನಲ್ಲಿ ಅನುಚಿತ. ಪ್ರದರ್ಶನದ ಅಂಗಡಿಯಲ್ಲಿ ಶೋಭಿಸುವ 21 ಅಂಗುಲದ ಒಡವೆ ಡಯಾಲಿಸಿಸ್‌ನ ಮುಂಜಾನೆ ಅನುಚಿತ. ದೇಶ, ಕಾಲ, ಪಾತ್ರ ನೋಡಿ ಆಡುವ ಮಾತೇ ಮಾತು ಎಂದು ತರಗತಿಯಲ್ಲಿ ಹೇಳುತ್ತಿದ್ದವನಿಗೆ, ಟೈರಿನ ವಿಷಯದಲ್ಲಿ ಬೇರೆ ಮಾತು ತೋಚಲಿಲ್ಲ.

ನನ್ನ ಶಿಷ್ಯ 19 ಅಂಗುಲದ ಚಕ್ರಗಳನ್ನು ಹಾಕಿಸಿದ. ಮಟ್ಟೆ ಸುಮಾರು ಮೂರು ಸೆಂಟಿಮೀಟರು ದಪ್ಪವಾಯಿತು. ಹೊಳೆಯುವ ಹಳೆಯವು ಕೊಬ್ಬರಿ ಕಾಯಿಯ ಅಟ್ಟದ ಕೆಳಗೆ ಗೋಣಿಯಲ್ಲಿ ಸುತ್ತಿಕೊಂಡಿವೆ. ಸಂತೆಯಲ್ಲಿ ಈಗ ಸುತ್ತ ನಿಂತು ನೋಡುವವರು ಕಡಿಮೆ. ತಾಯಿ ಮಾತ್ರ ದಾರಿಯಲ್ಲಿ ಮೊದಲಿನಷ್ಟು ಮೈ ಕುಲುಕುವುದಿಲ್ಲವೆಂದು ಹೇಳಿದರಂತೆ.

ಎಸ್‌ಯುವಿ ಇಲ್ಲದವರಿಗೂ ಇದರಲ್ಲಿ ಒಂದು ಕೆಲಸವಿದೆ. ಸ್ಕೂಟರಾಗಲಿ ಹಳೆಯ ಕಾರಾಗಲಿ, ನಾಳೆ ಬೆಳಿಗ್ಗೆ ವಾಹನ ಹೊರಡುವ ಮೊದಲು, ಟೈರು ತಣ್ಣಗಿರುವಾಗಲೇ ಗಾಳಿಯ ಒತ್ತಡ ನೋಡಿಸಿ. ಹವೆ 10 ಡಿಗ್ರಿ ತಣಿದರೆ ಕಾರಿನ ಟೈರಿನಲ್ಲಿ ಒಂದೂವರೆ ಪೌಂಡಿನಷ್ಟು ಇಳಿದಿರುತ್ತದೆ. ಗಾಡಿಗೆರೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಣ್ಣೆಗಳಿರುತ್ತವೆ, ಬೆರಳಾಡಿಸಿದರೆ ಸಿಗುತ್ತವೆ. ಟೈರಿನ ಮೈ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದಿದ್ದರೆ ಮಳೆಗೆ ಕಾಯಬೇಡಿ.